ಇನ್ನೊಬ್ಬರು ಬಿಟ್ಟುಹೋದ ಪುಸ್ತಕ

ಕೋಲ್ಕತ್ತಕ್ಕೆ ಬಂದ ಕನ್ನಡಿಗರಿಗೆ ಬೇಗ ಪರಿಚಯವಾಗುವ ತರಕಾರಿ ಪೊಟೋಲ್. ನೋಡಲು ನಮ್ಮ ತೊಂಡೆಕಾಯಿಯ ದೊಡ್ಡಣ್ಣ. ನಾನಿರುವ ಲೇಕ್ ಮಾರ್ಕೆಟ್ ಸುತ್ತಮುತ್ತ ಬಾಳೆಲೆ, ಕರಿಬೇವು, ಮಲ್ಲಿಗೆ ದಂಡೆ, ಫಿಲ್ಟರ್ ಕಾಫಿಪುಡಿ ಎಲ್ಲವೂ ಸಿಗುವುದರಿಂದ ದಕ್ಷಿಣದವರಿಗೆ ಊರು ಬಿಟ್ಟು ಬಂದದ್ದು ಅಷ್ಟಾಗಿ ಗೊತ್ತಾಗುವುದಿಲ್ಲ. ಪಕ್ಕದ ಬುಟ್ಟಿಯಲ್ಲಿ ರಾಶಿ ಬಿದ್ದಿರುವ ಪೊಟೋಲ್ ಮಾತ್ರ ಇದು ಬಂಗಾಳ ಎಂದು ಜ್ಞಾಪಿಸುತ್ತದೆ. ಅದರ ವೈಜ್ಞಾನಿಕ ಹೆಸರು ಟ್ರೈಕೊಸ್ಯಾಂಥಿಸ್ ಡಯೋಯಿಕಾ. ಗಂಡು ಹೂ ಒಂದು ಬಳ್ಳಿಯಲ್ಲಿ, ಹೆಣ್ಣು ಹೂ ಇನ್ನೊಂದು ಬಳ್ಳಿಯಲ್ಲಿ ಬಿಡುವುದರಿಂದ ಡಯೋಯಿಕಾ. ಹೆಸರಿನ ಕೊನೆಗೆ ಸಸ್ಯಶಾಸ್ತ್ರದವರು 'ರಾಕ್ಸ್‌ಬ.' ಎಂದು ಸೇರಿಸುತ್ತಾರೆ. ಹೆಸರಿಟ್ಟವರು ವಿಲಿಯಂ ರಾಕ್ಸ್‌ಬರ್ಗ್ ಎಂದು ಅದರ ಅರ್ಥ. ಆ ಹೆಸರು ವಿವರಣೆಯೊಂದಿಗೆ ಅಚ್ಚಾದದ್ದು 1832ರಲ್ಲಿ. ರಾಕ್ಸ್‌ಬರ್ಗ್ ತೀರಿಕೊಂಡದ್ದು 1815ರಲ್ಲಿ. ನಡುವಿನ ಹದಿನೇಳು ವರ್ಷ ಆ ಬರಹವನ್ನು ಕಾಪಾಡಿ ಅಚ್ಚಿನ ಮನೆಗೆ ತಲುಪಿಸಿದವರು ಬೇರೆಯವರು.

ಈ ಲೆಕ್ಕ ನನ್ನ ತಲೆಯಲ್ಲಿ ಕೂತದ್ದಕ್ಕೆ ಕಾರಣವಿದೆ. ನಾನು ಇಲ್ಲಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ಅದೇ ವಿಭಾಗದಲ್ಲಿ ನನಗಿಂತ ಬಹಳ ಹಿರಿಯರಾಗಿದ್ದ, ಪುತ್ತೂರು ಕಡೆಯ ಮೇಷ್ಟ್ರೊಬ್ಬರು ಹೋದ ವರ್ಷ ತೀರಿಕೊಂಡರು. ಕನ್ನಡ ಮಾಧ್ಯಮದಲ್ಲಿ ಓದಿ, ಪದವಿಗೆ ಬಂದ ಮೇಲೆ ಇಂಗ್ಲಿಷ್ ಪಠ್ಯದ ಮುಂದೆ ಕಂಗಾಲಾಗುವ ಮಕ್ಕಳಿಗಾಗಿ ಅವರು ಕನ್ನಡದಲ್ಲೇ ಒಂದು ಸಸ್ಯಶಾಸ್ತ್ರ ಪಠ್ಯ ಬರೆಯುತ್ತಿದ್ದರು. ಹದಿನಾಲ್ಕು ಅಧ್ಯಾಯಗಳ ಯೋಜನೆ. ಒಂಬತ್ತು ಮುಗಿದಿವೆ, ಎರಡು ಅರ್ಧಕ್ಕೆ ನಿಂತಿವೆ, ಮೂರಕ್ಕೆ ತಲೆಬರಹ ಮಾತ್ರ ಇದೆ. ಅವರ ಹೆಂಡತಿ ಆ ರಿಜಿಸ್ಟರುಗಳನ್ನು ನನ್ನ ಕೈಗೆ ಕೊಟ್ಟು ಹೇಳಿದ್ದು ಇಷ್ಟು: "ನೀನೇ ಮುಗಿಸಿಕೊಡು ಮಾರಾಯ್ತಿ. ಆದರೆ ಅವರು ಬರೆದದ್ದರಲ್ಲಿ ಒಂದಕ್ಷರ ಬದಲಿಸಬೇಡ."

ಮುಗಿಸುವುದು, ಬದಲಿಸದಿರುವುದು. ಎರಡನ್ನೂ ಒಟ್ಟಿಗೆ ಮಾಡಲು ಆಗುತ್ತದೆಯೇ? ಗತಿಸಿದವರ ಪುಸ್ತಕವನ್ನು ಮುಗಿಸಲು ಕೂತವರು ಯಾರಿಗೆ ಋಣಿ? ಬರೆದವರಿಗೋ, ಓದುವವರಿಗೋ? ಈ ಪ್ರಶ್ನೆಗೆ ನಾನಿರುವ ಊರಿನಲ್ಲೇ ಇನ್ನೂರು ವರ್ಷ ಹಳೆಯ ದೃಷ್ಟಾಂತವಿದೆ.

ರಾಕ್ಸ್‌ಬರ್ಗ್ 1793ರಲ್ಲಿ ಹೂಗ್ಲಿಯ ಆಚೆ ದಡದ ಶಿಬ್‌ಪುರದ ಸಸ್ಯೋದ್ಯಾನಕ್ಕೆ ಮುಖ್ಯಸ್ಥರಾಗಿ ಬಂದರು. ಇಪ್ಪತ್ತು ವರ್ಷ ಗಿಡ ನೆಟ್ಟರು, ಬೆಳೆಸಿದರು, ಒಂದೊಂದರ ವಿವರ ಬರೆದರು. 1813ರಲ್ಲಿ ಕಾಯಿಲೆಯಿಂದ ಊರು ಬಿಡುವಾಗ 'ಫ್ಲೋರಾ ಇಂಡಿಕಾ'ದ ಹಸ್ತಪ್ರತಿ ಹಿಂದೆ ಉಳಿಯಿತು. ಎರಡು ವರ್ಷದಲ್ಲಿ ಎಡಿನ್‌ಬರೋದಲ್ಲಿ ತೀರಿಕೊಂಡರು. ಹಸ್ತಪ್ರತಿಯ ಜವಾಬ್ದಾರಿ ಹೊತ್ತವರು ಸೆರಾಂಪುರದ ಮಿಷನರಿ ವಿಲಿಯಂ ಕೇರಿ. ಕನ್ನಡಿಗರಿಗೆ ಇವರು ಬೇರೆ ಕಾರಣಕ್ಕೆ ಗೊತ್ತಿರಬೇಕು: 1817ರಲ್ಲಿ ಸೆರಾಂಪುರದಿಂದಲೇ ಕನ್ನಡ ವ್ಯಾಕರಣವೊಂದನ್ನು ಅಚ್ಚು ಹಾಕಿಸಿದವರು ಇವರು. ಗಿಡಗಳ ಹುಚ್ಚಿದ್ದ ಕೇರಿ ಸೆರಾಂಪುರದಲ್ಲಿ ತಮ್ಮದೇ ತೋಟ ಬೆಳೆಸಿದ್ದರು. ರಾಕ್ಸ್‌ಬರ್ಗ್ ಗೆಳೆಯನ ಹೆಸರನ್ನು ಒಂದು ಮರಕ್ಕೇ ಇಟ್ಟಿದ್ದರು. ನಮ್ಮ ಮಲೆನಾಡಿನಲ್ಲಿ ಕೌಲು ಎನ್ನುವ ಮರ ಪುಸ್ತಕದಲ್ಲಿ ಕೇರಿಯಾ ಆರ್ಬೋರಿಯಾ.

1814ರಲ್ಲಿ ಕೇರಿ ಮೊದಲು 'ಹಾರ್ಟಸ್ ಬೆಂಗಾಲೆನ್ಸಿಸ್' ಎಂಬ ಪಟ್ಟಿಯನ್ನು ಅಚ್ಚು ಹಾಕಿಸಿದರು. ತೋಟದ ಗಿಡಗಳ ಹೆಸರುಗಳು ಅದರಲ್ಲಿದ್ದವು, ಬಹುಪಾಲು ಹೊಸ ಹೆಸರುಗಳಿಗೆ ವಿವರಣೆ ಇರಲಿಲ್ಲ. ಸಸ್ಯಶಾಸ್ತ್ರದ ನಿಯಮದ ಪ್ರಕಾರ ವಿವರಣೆಯಿಲ್ಲದ ಹೆಸರು 'ಬೆತ್ತಲೆ ಹೆಸರು', ಲೆಕ್ಕಕ್ಕಿಲ್ಲ. ಯಾರೋ ಮೂವತ್ತು ವರ್ಷ ಗಿಡ ನೋಡಿರಬಹುದು, ಕಪಾಟಿನ ತುಂಬ ಬರೆದಿಟ್ಟಿರಬಹುದು; ಅಚ್ಚಾಗದಿದ್ದರೆ ಅದು ಇಲ್ಲದ ಹಾಗೆಯೇ. ಸುಮ್ಮನೆ ಬಿಡುವುದೂ ಒಂದು ಗೌರವ ಎಂದು ಹೇಳುವವರಿದ್ದಾರೆ. ಈ ವಿದ್ಯೆಯಲ್ಲಿ ಮಾತ್ರ ಸುಮ್ಮನೆ ಬಿಟ್ಟರೆ ಅದು ಎರಡನೇ ಸಾವು.

1820ರಲ್ಲಿ 'ಫ್ಲೋರಾ ಇಂಡಿಕಾ'ದ ಮೊದಲ ಸಂಪುಟ ಹೊರಬಂತು. ಸಂಪಾದಕರು ಕೇರಿ. ಅಷ್ಟು ಹೊತ್ತಿಗೆ ಉದ್ಯಾನದ ಮುಖ್ಯಸ್ಥರಾಗಿದ್ದ ಡೆನ್ಮಾರ್ಕಿನ ವೈದ್ಯ ನಥಾನಿಯಲ್ ವಾಲಿಚ್ ತಾವು ಹೊಸದಾಗಿ ಕಂಡ ಗಿಡಗಳನ್ನೂ ಅದರೊಳಗೆ ಸೇರಿಸಿದರು. ಸೇರಿಸಿದ್ದನ್ನು ಮುಚ್ಚಿಡಲಿಲ್ಲ, ಮುಖಪುಟದಲ್ಲೇ ಹೇಳಿದ್ದರು. ಎರಡನೇ ಸಂಪುಟ 1824ರಲ್ಲಿ ಬಂತು. ಲಿನೇಯಸ್ ಮಾಡಿದ ಇಪ್ಪತ್ನಾಲ್ಕು ವರ್ಗಗಳಲ್ಲಿ ಐದನೆಯದನ್ನೂ ದಾಟದೆ ಕೆಲಸ ಅಲ್ಲಿಗೇ ನಿಂತಿತು. ಎಂಟು ವರ್ಷಗಳ ನಂತರ ರಾಕ್ಸ್‌ಬರ್ಗ್ ಮಕ್ಕಳು ಮುಂದೆ ನಿಂತರು. ಕೇರಿ 1832ರಲ್ಲಿ ಮತ್ತೆ ಮೊದಲಿಂದ ಮೂರು ಸಂಪುಟ ತಂದರು. ಈ ಸಲ ವಾಲಿಚ್ ಸೇರಿಸಿದ್ದು ಇರಲಿಲ್ಲ. ರಾಕ್ಸ್‌ಬರ್ಗ್ ಬರೆದದ್ದಷ್ಟೇ, ಬರೆದ ಹಾಗೆಯೇ. ಗಿಡಗಳನ್ನು ಕೇಸರಗಳ ಎಣಿಕೆಯಿಂದ ವಿಂಗಡಿಸುವ ಲಿನೇಯಸ್ ಪದ್ಧತಿ ಆಗಲೇ ಹಳತಾಗುತ್ತಿತ್ತು. ಕೇರಿ ಅದನ್ನೂ ಮುಟ್ಟಲಿಲ್ಲ. ಎರಡು ವರ್ಷಕ್ಕೆ, 1834ರಲ್ಲಿ, ಅವರೂ ಹೋದರು.

ಮೇಲ್ನೋಟಕ್ಕೆ ತೀರ್ಪು ಸುಲಭ. ಸೇರಿಸಿದ ಪುಸ್ತಕ ನಡುದಾರಿಯಲ್ಲಿ ನಿಂತಿತು, ಸೇರಿಸದ ಪುಸ್ತಕ ಗುರಿ ಮುಟ್ಟಿತು. ಲೇಕ್ ಮಾರ್ಕೆಟ್ಟಿನ ಪೊಟೋಲಿಗೆ ಅಧಿಕೃತ ಹೆಸರು ಸಿಕ್ಕಿದ್ದು ಎರಡನೆಯದರಿಂದ. ಅಂದರೆ ಅಕ್ಕ ಹೇಳಿದ್ದೇ ಸರಿ, ಒಂದಕ್ಷರ ಬದಲಿಸಬಾರದು.

ನನಗೆ ಅಷ್ಟು ಸುಲಭ ಅನ್ನಿಸುವುದಿಲ್ಲ. ವಾಲಿಚ್ ಜಾಗದಲ್ಲಿ ನಿಂತು ನೋಡಿ. ನೇಪಾಳದಂಥ ಕಡೆಗಳಿಂದ ಗಿಡಗಳು ಬಂದು ಮೇಜಿನ ಮೇಲೆ ಬೀಳುತ್ತಿವೆ. ಭಾರತದ ಸಸ್ಯಗಳು ಎಂದು ಮುಖಪುಟದಲ್ಲಿ ಬರೆದ ಪುಸ್ತಕವನ್ನು ಗೊತ್ತಿದ್ದೂ ಗೊತ್ತಿದ್ದೂ ಅಪೂರ್ಣವಾಗಿ ಓದುಗರ ಕೈಗಿಡುವುದು ಹೇಗೆ? ಗತಿಸಿದವರ ಮರ್ಯಾದೆಗಾಗಿ ಬದುಕಿರುವವರನ್ನು ಅಜ್ಞಾನದಲ್ಲಿ ಇಡುವುದೂ ಒಂದು ಅನ್ಯಾಯವೇ. ಕೇರಿಯ ಪರವಾಗಿಯೂ ಒಂದು ಮಾತಿದೆ. ರಾಕ್ಸ್‌ಬರ್ಗ್ ಪುಸ್ತಕ ಒಂದು ದಾಖಲೆ. ಅವರು ಕಣ್ಣಾರೆ ಏನು ಕಂಡರು ಎನ್ನುವುದೇ ಅದರ ಬೆಲೆ. ಅದರಲ್ಲಿ ಇನ್ನೊಬ್ಬರು ಕಂಡದ್ದನ್ನು ಬೆರೆಸಿದರೆ ಮುಂದೆ ಸಾಕ್ಷಿ ಯಾರದು ಎಂದೇ ತಿಳಿಯದೆ ಹೋಗಬಹುದು.

ಹಾಗಾದರೆ ಬಿಟ್ಟುಹೋದದ್ದು ಎಂಥ ಪುಸ್ತಕ ಎಂದು ಮೊದಲು ಕೇಳಿಕೊಳ್ಳಬೇಕು. ನಮ್ಮ ಭಾಷೆಯಲ್ಲೇ ಎರಡು ಬಗೆಯ ಉದಾಹರಣೆಗಳಿವೆ. ಕುಮಾರವ್ಯಾಸ ಬರೆದದ್ದು ಹತ್ತು ಪರ್ವ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಮುಗಿಸಿದ. ಊರೂರಿನಲ್ಲಿ ಗಮಕ ವಾಚನ ನಡೆಯುವುದು ಹತ್ತು ಪರ್ವಗಳದ್ದೇ. ತಿಮ್ಮಣ್ಣನ ಹೆಸರು ಪರೀಕ್ಷೆಗೆ ಓದುವವರಿಗೆ ಗೊತ್ತು, ಅಷ್ಟೆ. ತಿಮ್ಮಣ್ಣ ಕೆಟ್ಟ ಕವಿ ಎಂದು ನಾನು ಹೇಳುತ್ತಿಲ್ಲ. ಹತ್ತು ಪರ್ವಗಳಲ್ಲೇ ಕೇಳುವವರ ಮನಸ್ಸು ತುಂಬಿಹೋಗಿದೆ. ಕಾವ್ಯ ಅರ್ಧಕ್ಕೆ ನಿಂತರೂ ಪೂರ್ಣವಾಗಿರಬಲ್ಲದು.

ಇನ್ನೊಂದು ಉದಾಹರಣೆ ಅದಕ್ಕೂ ಹಳೆಯದು. ರಾಷ್ಟ್ರಕೂಟರ ಕಾಲದಲ್ಲಿ ವೀರಸೇನಾಚಾರ್ಯರು 'ಜಯಧವಳಾ' ಟೀಕೆಯನ್ನು ಇಪ್ಪತ್ತು ಸಾವಿರ ಗ್ರಂಥದಷ್ಟು ಬರೆದು ತೀರಿಕೊಂಡರು. ಶಿಷ್ಯ ಜಿನಸೇನರು ಇನ್ನೂ ನಲವತ್ತು ಸಾವಿರ ಸೇರಿಸಿ 837ರಲ್ಲಿ ಮುಗಿಸಿದರು. ಮುಗಿಸಿದ್ದು ಮೂಲದ ಎರಡರಷ್ಟು! ಯಾರೂ ಇದನ್ನು ಅತಿಕ್ರಮ ಎನ್ನಲಿಲ್ಲ. ಟೀಕೆ ಇರುವುದೇ ಓದುವವರಿಗೆ ಅರ್ಥವಾಗಲಿ ಎಂದು. ಅರ್ಧ ಟೀಕೆ ಅರ್ಧ ಸೇತುವೆಯ ಹಾಗೆ. ಮುಂದೆ ಜಿನಸೇನರೇ ಮಹಾಪುರಾಣಕ್ಕೆ ಕೈಹಾಕಿದರು. ನಲವತ್ತೆರಡು ಪರ್ವ ಮುಗಿಸಿ, ನಲವತ್ತಮೂರನೆಯದರಲ್ಲಿ ಮೂರು ಶ್ಲೋಕ ಬರೆಯುವಷ್ಟರಲ್ಲಿ ಅವರೂ ಹೋದರು. ಅವರ ಶಿಷ್ಯ ಗುಣಭದ್ರರು ಮುಂದುವರಿಸಿದರು. ಮೂರು ಶ್ಲೋಕ ಎಂದು ಇವತ್ತಿಗೂ ನಮಗೆ ಗೊತ್ತಿರುವುದು ಹೇಗೆ? ಗೆರೆ ಎಲ್ಲಿ ಬಿತ್ತೆಂದು ಆ ಪರಂಪರೆ ನೆನಪಿಟ್ಟುಕೊಂಡದ್ದರಿಂದ. ಗುರುವಿನ ಮಾತನ್ನು ಮುಂದುವರಿಸಬಹುದು, ಎಲ್ಲಿಂದ ಮುಂದುವರಿಸಿದೆ ಎಂದು ಮಾತ್ರ ಮುಚ್ಚಿಡುವ ಹಾಗಿಲ್ಲ.

ಪಠ್ಯಪುಸ್ತಕ ಕುಮಾರವ್ಯಾಸನ ಜಾತಿಗೆ ಸೇರಿದ್ದಲ್ಲ, ಜಯಧವಳೆಯ ಜಾತಿಗೆ ಸೇರಿದ್ದು. ಒಂಬತ್ತು ಅಧ್ಯಾಯದ ಸಸ್ಯಶಾಸ್ತ್ರವನ್ನು ಸ್ಮಾರಕ ಎಂದು ಅಚ್ಚು ಹಾಕಿ ಪುತ್ತೂರಿನ ಮಗುವಿನ ಕೈಗೆ ಕೊಟ್ಟರೆ, ಬೇರಿನಿಂದ ಹೂವಿನವರೆಗೆ ಓದಿ ಕಾಯಿಯ ಹೊತ್ತಿಗೆ ಅದು ಬೇರೆ ಪುಸ್ತಕ ಹುಡುಕಬೇಕು. ಮುಗಿಸಬೇಕು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಹೇಗೆ ಎನ್ನುವುದೇ ಕಷ್ಟ.

ಸಿಕ್ಕಿದ್ದನ್ನೆಲ್ಲ ಹಾಗೇ ಅಚ್ಚು ಹಾಕುವುದು ನಿಷ್ಠೆ ಎಂದುಕೊಳ್ಳುವ ಅಪಾಯವೂ ಇದೆ. ವಿಲಿಯಂ ಗ್ರಿಫಿತ್ ಎಂಬ ಯುವ ಸಸ್ಯಶಾಸ್ತ್ರಜ್ಞ ಸ್ವಲ್ಪ ಕಾಲ ಶಿಬ್‌ಪುರದ ಉದ್ಯಾನ ನೋಡಿಕೊಂಡಿದ್ದು, 1845ರಲ್ಲಿ ಮಲಾಕ್ಕಾದಲ್ಲಿ ತೀರಿಕೊಂಡ. ವಯಸ್ಸು ಮೂವತ್ನಾಲ್ಕು. ಅವನ ರಾಶಿ ಕಾಗದಪತ್ರಗಳನ್ನು ಜಾನ್ ಮ್ಯಾಕ್ಲೆಲೆಂಡ್ 1847ರಿಂದ ಕಲ್ಕತ್ತದಲ್ಲಿ ಒಂದೊಂದಾಗಿ ಅಚ್ಚು ಹಾಕಿಸಿದ. ತನಗಾಗಿ ಗೀಚಿಕೊಂಡ ಟಿಪ್ಪಣಿಗಳು, ಅರೆಬರೆ ಚಿತ್ರಗಳು ತಿದ್ದದೆ, ಜೋಡಿಸದೆ ಹೊರಬಂದವು. ತಪ್ಪುಗಳು ತುಂಬಿದವು ಎಂದು ಆಮೇಲಿನವರು ಬೈದರು. ಮ್ಯಾಕ್ಲೆಲೆಂಡ್ ಗ್ರಿಫಿತ್‌ನ ಕಾಗದಗಳನ್ನು ಉಳಿಸಿದ್ದು ನಿಜ, ಅದಕ್ಕಾಗಿ ಅವನನ್ನು ನೆನೆಯಬೇಕು. ಬದುಕಿದ್ದರೆ ಗ್ರಿಫಿತ್ ಅವುಗಳನ್ನು ಹಾಗೆ ಹೊರಗೆ ಬಿಡುತ್ತಿದ್ದನೇ ಎಂದೂ ಕೇಳಬೇಕು. ಬರೆಯುವವರು ತಿದ್ದುತ್ತಾರೆ, ತಿದ್ದುವುದು ಅವರ ಸ್ವಭಾವದ ಭಾಗ. ಒಂದಕ್ಷರ ಮುಟ್ಟದೆ ಇಟ್ಟರೆ ಅವರ ಅಕ್ಷರ ಉಳಿಯುತ್ತದೆ, ಅವರ ಎಚ್ಚರ ಉಳಿಯುವುದಿಲ್ಲ.

ಈಗ ನನ್ನ ಮೇಜಿಗೆ ಬರುತ್ತೇನೆ. ತೊಡಕಾಗಿರುವುದು ಒಂದು ಈರುಳ್ಳಿ.

ಮೇಷ್ಟ್ರು ಲಿಲಿಯೇಸಿ ಕುಟುಂಬವನ್ನು ಈರುಳ್ಳಿಯ ಮೂಲಕ ಪಾಠ ಮಾಡಿದ್ದಾರೆ. ಯಾವ ಅಡುಗೆಮನೆಯಲ್ಲೂ ಸಿಗುತ್ತದೆ, ನೀರಿನ ಲೋಟದ ಮೇಲೆ ಕೂರಿಸಿದರೆ ಬೇರು ಬಿಡುತ್ತದೆ, ಹಿತ್ತಿಲಲ್ಲಿ ಬಿಟ್ಟರೆ ಹೂವನ್ನೂ ಕೊಡುತ್ತದೆ. ಹೂವನ್ನು ಬ್ಲೇಡಿನಿಂದ ಸೀಳಿ ನೋಡಿ ಎಂದು ಬರೆಯುತ್ತಾರೆ. ಅಂಡಾಶಯ ಉಳಿದ ಭಾಗಗಳ ಮೇಲೆ ಕೂತಿದೆಯೋ, ಕೆಳಗೆ ಅಡಗಿದೆಯೋ? ಮೇಲೆ ಕೂತಿದ್ದರೆ ಲಿಲಿಯೇಸಿ, ಕೆಳಗಿದ್ದರೆ ಅಮರಿಲ್ಲಿಡೇಸಿ. ಹತ್ತೊಂಬತ್ತನೆಯ ಶತಮಾನದ ಬೆಂಥಮ್ ಮತ್ತು ಹೂಕರ್ ಪದ್ಧತಿ ಅದು. ನಮ್ಮಲ್ಲಿ ತಲೆತಲಾಂತರದಿಂದ ಪಾಠವಾಗಿ ಬಂದದ್ದೂ ಅದೇ. ಡಿಎನ್‌ಎ ಆಧಾರದ ಮೇಲೆ ಹೂಗಿಡಗಳನ್ನು ಮರುವಿಂಗಡಿಸಿದ ಎಪಿಜಿ ಪದ್ಧತಿ 2009ರಲ್ಲಿ ಈರುಳ್ಳಿಯನ್ನು ಅಮರಿಲ್ಲಿಡೇಸಿಯೊಳಕ್ಕೆ ತಂದಿತು. ಅಂಡಾಶಯ ಮೇಲೆಯೇ ಇದೆ, ಕುಟುಂಬ ಮಾತ್ರ ಬದಲಾಯಿತು. ಎಲೆಯಿಲ್ಲದ ದಂಟಿನ ತುದಿಯಲ್ಲಿ ಕೊಡೆಯ ಹಾಗೆ ಹರಡುವ ಹೂಗೊಂಚಲು ರಕ್ತಸಂಬಂಧವನ್ನು ಅಂಡಾಶಯಕ್ಕಿಂತ ಚೆನ್ನಾಗಿ ಹೇಳುತ್ತಿತ್ತು ಎಂದು ಈಗ ಗೊತ್ತಾಗಿದೆ. ಮೇಷ್ಟ್ರಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಅಂಚಿನಲ್ಲಿ ಪೆನ್ಸಿಲಿನಿಂದ 'ಎಪಿಜಿ — ಹೇಳಬೇಕು, ಹೇಗೆ?' ಎಂದು ಬರೆದಿದ್ದಾರೆ. ಆ 'ಹೇಗೆ'ಗೆ ಉತ್ತರ ಬರೆಯಲು ಕಾಲ ಸಿಗಲಿಲ್ಲ.

ಊರಿನಲ್ಲಿ ಪದವಿ ಕಾಲೇಜಿನಲ್ಲಿ ಪಾಠ ಮಾಡುವ ಗೆಳತಿಗೆ ಫೋನು ಮಾಡಿದೆ. "ಪರೀಕ್ಷೇಲಿ ಈರುಳ್ಳಿ ಯಾವ ಕುಟುಂಬ ಅಂತ ಬಂದ್ರೆ ನನ್ನ ಮಕ್ಕಳು ಏನು ಬರೀಬೇಕು ಹೇಳೇ? ನಿಮ್ಮ ಮೇಷ್ಟ್ರ ಮೇಲಿನ ಪ್ರೀತಿಗೆ ಅವರ ಮಾರ್ಕ್ಸ್ ಯಾಕೆ ಹೋಗಬೇಕು?" ಎಂದಳು. ಅವಳ ಮಾತನ್ನು ತಳ್ಳಿಹಾಕಲಾರೆ. ವಿದ್ಯಾರ್ಥಿ ಮೇಷ್ಟ್ರನ್ನು ಕಂಡಿಲ್ಲ, ಅವರಿಗೆ ಏನೂ ಬಾಕಿ ಇಟ್ಟುಕೊಂಡಿಲ್ಲ.

ಸುಲಭದ ದಾರಿ ಒಂದಿದೆ. ಲಿಲಿಯೇಸಿ ಎಂದಿದ್ದ ಕಡೆಯೆಲ್ಲ ಸದ್ದಿಲ್ಲದೆ ಅಮರಿಲ್ಲಿಡೇಸಿ ಎಂದು ಮಾಡಿ ಮೇಷ್ಟ್ರ ಹೆಸರಿನಲ್ಲೇ ಅಚ್ಚು ಹಾಕುವುದು. ಪಠ್ಯಪುಸ್ತಕಗಳಲ್ಲಿ ಇದು ನಡೆಯುತ್ತಲೇ ಇರುತ್ತದೆ, ಯಾರಿಗೂ ನಷ್ಟವಿಲ್ಲ ಎಂದೂ ಅನ್ನಿಸುತ್ತದೆ. ಆದರೆ ಅದು ಸತ್ತವರ ಹೆಬ್ಬೆಟ್ಟು ಒತ್ತಿಸಿಕೊಂಡು ಬರೆಸಿದ ಜಮೀನುಪತ್ರದ ಹಾಗೆ. ಪತ್ರದಲ್ಲಿರುವುದು ನ್ಯಾಯವೇ ಇರಬಹುದು, ಹೆಬ್ಬೆಟ್ಟು ಮಾತ್ರ ಅವರದಲ್ಲ. ಬದುಕಿರುವವರು 'ನಾನು ಹಾಗೆ ಹೇಳಲಿಲ್ಲ' ಎಂದು ಜಗಳಕ್ಕಾದರೂ ಬರಬಹುದು. ಹೋದವರಿಗೆ ಆ ಅವಕಾಶವಿಲ್ಲ. ಅವರ ಬಾಯಿಗೆ ಮಾತು ತುರುಕುವಾಗ ಎರಡು ಪಟ್ಟು ಎಚ್ಚರ ಬೇಕಾಗುವುದು ಅದಕ್ಕೇ.

ನಮ್ಮ ಶಾಸ್ತ್ರ ಇದಕ್ಕೊಂದು ಪುಟ್ಟ ಉಪಾಯ ಕಂಡುಕೊಂಡಿದೆ. ಕಾವೇರಿ ದಂಡೆಯ ಹೊಳೆಮತ್ತಿಯ ಪೂರ್ತಿ ಹೆಸರು ಹೀಗಿದೆ: ಟರ್ಮಿನೇಲಿಯಾ ಅರ್ಜುನ (ರಾಕ್ಸ್‌ಬ. ಎಕ್ಸ್ ಡಿಸಿ.) ವೈಟ್ ಮತ್ತು ಆರ್ನ್. ಬಿಡಿಸಿ ಹೇಳಿದರೆ, ಅರ್ಜುನ ಎಂದು ಕರೆದವರು ರಾಕ್ಸ್‌ಬರ್ಗ್, ಅದನ್ನು ವಿವರಣೆಯೊಂದಿಗೆ ಅಚ್ಚು ಹಾಕಿದವರು ದ ಕಾಂಡೋಲ್, ಈಗಿನ ಕುಲಕ್ಕೆ ಸೇರಿಸಿದವರು ವೈಟ್ ಮತ್ತು ಆರ್ನಟ್. ಒಂದು ಮರದ ಬೆನ್ನಿಗೆ ನಾಲ್ಕು ಜನ. 'ಎಕ್ಸ್' ಎಂಬ ಎರಡಕ್ಷರದ ಪದ 'ಇದು ಅವರದು, ನಿಮ್ಮ ತನಕ ತಂದದ್ದು ನಾನು' ಎಂದು ಹೇಳುತ್ತದೆ. ಕಂಸ 'ಅವರು ಇಟ್ಟ ಜಾಗ ಬೇರೆ, ಬದಲಿಸಿದ್ದು ನಾವು' ಎಂದು ಹೇಳುತ್ತದೆ. ಮೂಲ ಅಳಿಸಿಹೋಗಿಲ್ಲ, ತಿದ್ದುಪಡಿಯೂ ನಿಂತಿಲ್ಲ.

ಜೆ. ಎಸ್. ಗ್ಯಾಂಬಲ್ ಅವರ 'ಫ್ಲೋರಾ ಆಫ್ ದ ಪ್ರೆಸಿಡೆನ್ಸಿ ಆಫ್ ಮದ್ರಾಸ್' ಮುಗಿದದ್ದೂ ಹೀಗೆ. ಆಗ ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡ, ಬಳ್ಳಾರಿಗಳ ಗಿಡಗಳು ಅದರಲ್ಲಿವೆ. 1915ರಲ್ಲಿ ಶುರುಮಾಡಿದ ಗ್ಯಾಂಬಲ್ 1925ರಲ್ಲಿ ತೀರಿಕೊಂಡರು, ಸಿ. ಇ. ಸಿ. ಫಿಷರ್ 1936ಕ್ಕೆ ಮುಗಿಸಿದರು. ಯಾವ ಭಾಗ ಯಾರದೆಂದು ಸ್ಪಷ್ಟವಾಗಿದೆ. ಮುಂದೆ 1957ರಲ್ಲಿ ಭಾರತೀಯ ಸಸ್ಯ ಸರ್ವೇಕ್ಷಣ ಇಲಾಖೆ ಈ ಕಲ್ಕತ್ತದಿಂದಲೇ ಅದನ್ನು ಮರುಮುದ್ರಿಸಿತು. ನಾನು ಓದಿದ್ದು ಆ ಮೂರು ಸಂಪುಟಗಳನ್ನು.

ಹದಿನೇಳು ಹದಿನೆಂಟು ವರ್ಷದ ಮಕ್ಕಳಿಗೆ ಈ ಗುರುತುಗಳೆಲ್ಲ ಯಾಕೆ, ಯಾವ ಸಾಲು ಯಾರದಾದರೆ ಅವರಿಗೇನು ಎಂದು ಕೇಳಬಹುದು. ಬಹಳ ದಿನ ಯೋಚಿಸಿದ ಮೇಲೆ ನನಗೆ ಅನ್ನಿಸಿದ್ದು ಇದು: ಆ ಗುರುತು ಹೋದವರಿಗೆ ಎಷ್ಟು ಸಲ್ಲಬೇಕೋ ಮಕ್ಕಳಿಗೂ ಅಷ್ಟೇ ಸಲ್ಲಬೇಕು. ಪಠ್ಯಪುಸ್ತಕದ ದೊಡ್ಡ ದೋಷ ಅದು ಯಾರೂ ಅಲ್ಲದವರ ದನಿಯಲ್ಲಿ ಮಾತಾಡುವುದು. ಈರುಳ್ಳಿ ಇಂಥ ಕುಟುಂಬದ್ದು ಎಂದು ಆಕಾಶವಾಣಿಯ ಹಾಗೆ ಹೇಳಿಬಿಡುತ್ತದೆ. ಯಾರು ಹೇಳಿದರು, ಯಾವಾಗ, ಏನು ನೋಡಿ ಎಂಬುದು ಇರುವುದಿಲ್ಲ. ಹತ್ತು ವರ್ಷಕ್ಕೆ ಉತ್ತರ ಬದಲಾದರೆ ವಿದ್ಯಾರ್ಥಿಗೆ ವಿಜ್ಞಾನವೇ ಮೋಸ ಅನ್ನಿಸುತ್ತದೆ. ಅದೇ ಪುಟದಲ್ಲಿ ಇಬ್ಬರು ಕಾಣಿಸಿದರೆ, ಒಬ್ಬರು ಅಂಡಾಶಯ ನೋಡಿ ಹೀಗೆಂದರು, ಇನ್ನೊಬ್ಬರು ವಂಶವಾಹಿ ನೋಡಿ ಹಾಗೆನ್ನುತ್ತಾರೆ ಎಂದು ತಿಳಿದರೆ, ಅದೇ ಒಂದು ಪಾಠ. ಬರೆದವರಿಗೋ ಓದುವವರಿಗೋ ಎಂದು ನಾನು ಎರಡಾಗಿ ಕಂಡಿದ್ದ ಋಣಗಳು ಇಲ್ಲಿ ಒಂದಾಗುತ್ತವೆ. ಗೆರೆಯನ್ನು ಮುಚ್ಚದಿದ್ದರೆ ಇಬ್ಬರಿಗೂ ಸಲ್ಲುತ್ತದೆ, ಮುಚ್ಚಿದರೆ ಇಬ್ಬರಿಗೂ ತಪ್ಪುತ್ತದೆ.

ಹಾಗಾಗಿ ಈರುಳ್ಳಿ ಇರುತ್ತದೆ, ಬ್ಲೇಡೂ ಇರುತ್ತದೆ, ಅಂಡಾಶಯ ಎಲ್ಲಿದೆ ಎಂಬ ಮೇಷ್ಟ್ರ ಪ್ರಶ್ನೆಯೂ ಇರುತ್ತದೆ. ಒಳ್ಳೆಯ ಪ್ರಶ್ನೆಗೆ ಉತ್ತರದಷ್ಟು ಬೇಗ ವಯಸ್ಸಾಗುವುದಿಲ್ಲ. ಅದರ ಕೆಳಗೆ ಬೇರೆ ಅಕ್ಷರದಲ್ಲಿ 2009ರ ಸಂಗತಿ ಬರುತ್ತದೆ, ಪರೀಕ್ಷೆಯಲ್ಲಿ ಯಾವ ಪದ್ಧತಿ ಕೇಳಿದರೆ ಏನು ಬರೆಯಬೇಕು ಎಂಬುದೂ. ಮೇಷ್ಟ್ರ ಪೆನ್ಸಿಲ್ ಟಿಪ್ಪಣಿಯನ್ನೂ ಅಚ್ಚು ಹಾಕುತ್ತೇನೆ. ಅದೊಂದೇ ನನಗೆ ಸಿಕ್ಕಿರುವ ಅಪ್ಪಣೆ. ಅಕ್ಕನಿಗೆ ಇದನ್ನು ತೋರಿಸಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದರೆ ಅವರದ್ದು ಅವರದ್ದಾಗಿಯೇ ಇರುತ್ತದಲ್ಲ?" ಎಂದರು. ಹೌದು ಎಂದೆ. ಅವರ ಭಯ ಅಕ್ಷರದ್ದಲ್ಲ, ಗಂಡ ಆ ಪುಟಗಳಲ್ಲಿ ಕರಗಿಹೋದಾರು ಎನ್ನುವುದು.

ಇನ್ನೊಂದು ಲೆಕ್ಕವೂ ಇದೆ. ರಾಕ್ಸ್‌ಬರ್ಗ್ ಬರೆಸಿದ ಎರಡೂವರೆ ಸಾವಿರ ವರ್ಣಚಿತ್ರಗಳು ಇಂದಿಗೂ ಜಗತ್ಪ್ರಸಿದ್ಧ. ಬರೆದವರು ಭಾರತೀಯ ಕಲಾವಿದರು. ಬಹುಪಾಲು ಚಿತ್ರಗಳ ಮೇಲೆ ಅವರ ಹೆಸರಿಲ್ಲ. ಅಪೂರ್ಣ ಪುಸ್ತಕ ಮುಗಿಸುವಾಗ ಖಾಲಿ ಉಳಿದ ಪುಟಗಳನ್ನಷ್ಟೇ ಅಲ್ಲ, ಬಿಟ್ಟುಹೋದ ಹೆಸರುಗಳನ್ನೂ ತುಂಬಬಹುದು. ಮೇಷ್ಟ್ರ ಪುಸ್ತಕದ ಚಿತ್ರ ಬರೆದವಳು ನಮ್ಮ ವಿಭಾಗದ ಒಬ್ಬ ಹಳೆಯ ವಿದ್ಯಾರ್ಥಿನಿ, ಬಂಗಾಳಿ ಹುಡುಗಿ. ಕನ್ನಡದ ಒಂದಕ್ಷರವೂ ಬಾರದೆ, ಮೇಷ್ಟ್ರು ಬೆರಳಿಟ್ಟು ತೋರಿಸಿದ ಕಡೆ ಗೆರೆ ಎಳೆದಿದ್ದಾಳೆ. ಅವಳ ಹೆಸರೂ ಮುಖಪುಟದಲ್ಲಿರುತ್ತದೆ.

ಉಳಿದಿರುವುದು ತಲೆಬರಹ ಮಾತ್ರವಿರುವ ಮೂರು ಅಧ್ಯಾಯ. ಅವು ನನ್ನವು. ಮದರಾಸಿನಲ್ಲಿ ಪಾಠ ಮಾಡುತ್ತಾ ಕನ್ನಡದಲ್ಲಿ 'ಹಸುರು ಹೊನ್ನು' ಬರೆದ ಬಿ. ಜಿ. ಎಲ್. ಸ್ವಾಮಿಯವರ ನಗು ಮೇಷ್ಟ್ರಿಗೆ ಸ್ವಲ್ಪ ಒಲಿದಿತ್ತು. ನನಗೆ ಬಾರದು. ಅನುಕರಿಸಲು ಹೋಗುವುದಿಲ್ಲ. ಓದುವ ಮಗುವಿಗೆ ಹನ್ನೊಂದನೇ ಅಧ್ಯಾಯದ ಆಚೆ ದನಿ ಬದಲಾದದ್ದು ಕೇಳಿಸುತ್ತದೆ, ಕೇಳಿಸಲಿ. ಪುಟದ ಒಂದು ಬದಿಯಲ್ಲಿ ಅಗಲವಾಗಿ ಜಾಗ ಬಿಡುವಂತೆ ಅಚ್ಚಿನವರಿಗೆ ಹೇಳಿದ್ದೇನೆ. ನನ್ನ ಉತ್ತರಗಳೂ ಹಳತಾಗುತ್ತವೆ. ಆಗ ಪೆನ್ಸಿಲ್ ಹಿಡಿಯುವವರಿಗೆ ಜಾಗ ಬೇಕು.